ಹಳೆಯ ಪೆಂಟಾಕ್ಸ್ ಕೆ1000ಕ್ಕೆ ಮೊದಲ ರೋಲ್: ಹಾಕುವ ಮುಂಚೆ ಏನು ನೋಡಬೇಕು, ಹಾಕಿದ ಮೇಲೆ ಏನು ತೆಗೆಯಬೇಕು

ಪ್ರಶ್ನೆ ಇಷ್ಟು: ವರ್ಷಗಟ್ಟಲೆ ಕಪಾಟಿನಲ್ಲಿದ್ದ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ, ಜೊತೆಗೆ 50 ಮಿ.ಮೀ. ಎಫ್/2 ಲೆನ್ಸ್. ಶಟರ್ ಹೊಡೆಯುತ್ತದೆ, ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗುತ್ತಿಲ್ಲ. ನೇರವಾಗಿ ರೋಲ್ ಹಾಕಲೇ, ಮೊದಲು ರಿಪೇರಿಗೆ ಕೊಡಲೇ? ಈ ಚರ್ಚೆಯಲ್ಲಿ ಒಬ್ಬರು 'ಹಾಕಿಬಿಡಿ' ಅಂದಿದ್ದಾರೆ, ಇನ್ನೊಬ್ಬರು 'ಮುಟ್ಟಬೇಡಿ, ಸರ್ವಿಸಿಗೆ ಕೊಡಿ' ಅಂದಿದ್ದಾರೆ. ನನ್ನ ಪ್ರಕಾರ ಎರಡೂ ಅವಸರ. ಒಂದು ಗಂಟೆ ಮೇಜಿನ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಒಂದು ರೋಲನ್ನು ಪೂರ್ತಿ ಕ್ಯಾಮೆರಾದ ತಪಾಸಣೆಗೇ ಮೀಸಲಿಡಿ. ಅದರಲ್ಲಿ ಒಳ್ಳೆಯ ಚಿತ್ರ ಬಂದರೆ ಅದು ಲಾಭ, ಅಷ್ಟೇ. ಮದುವೆಗೋ ಪ್ರವಾಸಕ್ಕೋ ಮೊದಲ ರೋಲ್ ಒಯ್ಯಬೇಡಿ.

ನಿಮ್ಮ ಅದೃಷ್ಟ ಏನೆಂದರೆ ಇದು ಕೆ1000. 1976ರಿಂದ 1997ರವರೆಗೆ ತಯಾರಾದ ಮಾದರಿ, ಶಟರ್ ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ. ಮೀಟರ್ ಸತ್ತಿದ್ದರೂ 1 ಸೆಕೆಂಡಿನಿಂದ 1/1000ದವರೆಗೆ ಎಲ್ಲ ವೇಗಗಳೂ ಸಿಗುತ್ತವೆ. ಕ್ಯಾನನ್ ಎಇ-1 ಆಗಿದ್ದರೆ 6 ವೋಲ್ಟಿನ ಬ್ಯಾಟರಿ ಇಲ್ಲದೆ ಶಟರ್ ಬಿಡುಗಡೆಯೇ ಆಗುತ್ತಿರಲಿಲ್ಲ.

ಮೊದಲು ಆ ಮುಳ್ಳನ್ನು ನೋಡೋಣ. ತಳದ ದುಂಡು ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆಯಿರಿ. ಒಳಗೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಳೆಯ ಬ್ಯಾಟರಿ ಸೋರಿದೆ ಎಂದರ್ಥ. ಹತ್ತಿ ಕಡ್ಡಿಗೆ ಒಂದೇ ಹನಿ ವಿನೆಗರ್ ಹಾಕಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಲು ಬಿಡಿ. ಮುಚ್ಚಳದ ಒಳಬದಿ, ಅದರ ತಿರುಪಿನ ಸುರುಳಿ, ಎರಡೂ ಲೋಹ ಹೊಳೆಯುವಷ್ಟು ಶುದ್ಧವಾಗಬೇಕು. ಬ್ಯಾಟರಿ ಎಸ್‌ಆರ್44 (ಸಿಲ್ವರ್ ಆಕ್ಸೈಡ್) ಹಾಕಿ. ಎಲ್‌ಆರ್44 ಅಳತೆಯಲ್ಲಿ ಒಂದೇ, ಕೆಲಸವನ್ನೂ ಮಾಡುತ್ತದೆ, ಆದರೆ ಕ್ಷಾರೀಯ ಬ್ಯಾಟರಿಯ ವೋಲ್ಟೇಜ್ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಸಿಲ್ವರ್ ಆಕ್ಸೈಡ್ 1.55 ವೋಲ್ಟಿನ ಹತ್ತಿರ ನಿಂತು ಕೊನೆಗೆ ಒಮ್ಮೆಲೇ ಬೀಳುತ್ತದೆ. ಮೀಟರಿಗೆ ಬೇಕಾದದ್ದು ಈ ಎರಡನೆಯ ಗುಣ.

ಐಎಸ್‌ಒವನ್ನು (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) 400ಕ್ಕೆ ಇಡಿ: ಶಟರ್ ವೇಗದ ಗುಂಡಿಯ ಹೊರ ಅಂಚನ್ನು ಮೇಲೆತ್ತಿ ತಿರುಗಿಸಬೇಕು. ಈಗ ಬೆಳಕಿನ ಕಡೆ ತೋರಿಸಿ ಶಟರ್ ವೇಗವನ್ನು ಒಂದೊಂದೇ ಹೆಜ್ಜೆ ಬದಲಿಸಿ. ವ್ಯೂಫೈಂಡರಿನೊಳಗೆ (ಕಣ್ಣಿಟ್ಟು ನೋಡುವ ಕಿಂಡಿ) ಬಲಬದಿಯ ಮುಳ್ಳು ಪ್ರತಿ ಹೆಜ್ಜೆಗೂ ಸರಿಯಬೇಕು. ಹೊಸ ಬ್ಯಾಟರಿಗೂ ಜಪ್ಪಯ್ಯ ಅನ್ನದಿದ್ದರೆ ಹೆಚ್ಚಿನ ಸಲ ಬ್ಯಾಟರಿ ಕೋಣೆಯ ತಂತಿಯನ್ನೇ ತುಕ್ಕು ತಿಂದಿರುತ್ತದೆ. ಬೆಸುಗೆ ಬಲ್ಲವರಿಗೆ ಅದು ಸಣ್ಣ ಕೆಲಸ, ಅವಸರವೂ ಇಲ್ಲ. ಅಲ್ಲಿಯವರೆಗೆ ಫೋನಿನ ಮೀಟರ್ ಆ್ಯಪ್ ಸಾಕು. ಈ ಕ್ಯಾಮೆರಾದ ಮೀಟರಿಗೆ ಸ್ವಿಚ್ ಇಲ್ಲ ಎಂಬುದು ನೆನಪಿರಲಿ. ಲೆನ್ಸ್ ಮುಚ್ಚಳವೇ ಸ್ವಿಚ್. ಮುಚ್ಚಳ ಹಾಕದೆ ಕಪಾಟಿನ ಮೇಲಿಟ್ಟರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಇದೇ ಚರ್ಚೆಯಲ್ಲಿ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾದ ಬ್ಯಾಟರಿ ಬಗ್ಗೆ ಕೇಳಿದವರಿಗೆ: ನಿಮ್ಮದು ಬೇರೆ ಕತೆ. ಅದಕ್ಕಿದ್ದದ್ದು 5.6 ವೋಲ್ಟಿನ ಮರ್ಕ್ಯುರಿ ಬ್ಯಾಟರಿ. ಈಗ 6 ವೋಲ್ಟಿನ 4ಎಲ್‌ಆರ್44ನ್ನು ಅಡಾಪ್ಟರಿನಲ್ಲಿಟ್ಟು ಬಳಸಬಹುದು, ಅದರ ಸರ್ಕ್ಯೂಟ್ ಆ ವ್ಯತ್ಯಾಸವನ್ನು ಸಹಿಸುತ್ತದೆ. ಬ್ಯಾಟರಿ ಇಲ್ಲದಿದ್ದರೆ ಶಟರ್ 1/500ರಲ್ಲಿ ಮಾತ್ರ ಹೊಡೆಯುತ್ತದೆ. ಒಲಿಂಪಸ್ ಓಎಂ-1ರಲ್ಲಿ ಇದೇ ಧೈರ್ಯ ಬೇಡ. ಅದರ ಮೀಟರ್ 1.35 ವೋಲ್ಟಿಗೆ ಹೊಂದಿಸಿದ್ದು, 1.5 ವೋಲ್ಟ್ ಕೊಟ್ಟರೆ ಬೆಳಕು ಇರುವುದಕ್ಕಿಂತ ಹೆಚ್ಚು ಎಂದು ತೋರಿಸಿ ಫಿಲ್ಮಿಗೆ ಕಡಿಮೆ ಬೆಳಕು ಕೊಡಿಸುತ್ತದೆ. ಶ್ರವಣಯಂತ್ರದ 675 ಅಳತೆಯ ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್ ಕೊಡುವುದರಿಂದ ಹತ್ತಿರ ಬರುತ್ತದೆ, ಆದರೆ ಅಂಟುಚೀಟಿ ಕಿತ್ತ ಮೇಲೆ ಬಳಸಿ, ಬಿಡಿ, ಕೆಲವೇ ವಾರಗಳ ಬಾಳಿಕೆ.

ಈಗ ಶಟರ್. ಫಿಲ್ಮ್ ಇಲ್ಲದೆ ಬೇರೆ ಬೇರೆ ವೇಗಗಳಲ್ಲಿ ಇಪ್ಪತ್ತು ಮೂವತ್ತು ಸಲ ಹೊಡೆಯಿರಿ. ಬಹುಕಾಲ ಅಲುಗದ ಗ್ರೀಸು ಮೊದಮೊದಲು ಬಿಗಿಯಾಗಿರುತ್ತದೆ; ಆಗ ಅಳೆದರೆ ಇಲ್ಲದ ದೋಷ ಕಾಣುತ್ತದೆ. ಆಮೇಲೆ ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಗಿದ ಗೋಡೆಯ ಕಡೆಗಿಟ್ಟು, ಹಿಂದಿನಿಂದ ಫೋನಿನ 240 ಫ್ರೇಮ್ ಸ್ಲೋ ಮೋಷನ್ನಿನಲ್ಲಿ ವಿಡಿಯೊ ತೆಗೆಯಿರಿ. ಕಿಂಡಿ ತೆರೆದಿರುವ ಫ್ರೇಮುಗಳನ್ನು ಎಣಿಸಿದರಾಯಿತು. 1 ಸೆಕೆಂಡಿಗೆ 240, 1/8ಕ್ಕೆ 30, 1/30ಕ್ಕೆ 8, 1/60ಕ್ಕೆ 4. ನಿಧಾನ ವೇಗಗಳಲ್ಲಿ ಕಾಲುಭಾಗದಷ್ಟು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸ್ಟಾಪಿನ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಮೂರನೇ ಒಂದು ಭಾಗದ ಆಸುಪಾಸು. 1/60ಕ್ಕಿಂತ ವೇಗವಾದರೆ ಈ ಎಣಿಕೆಗೆ ಅರ್ಥವಿಲ್ಲ, ಅದನ್ನು ಫಿಲ್ಮೇ ಹೇಳಬೇಕು.

ಕೆ1000ದ ಶಟರ್ ಎಂದರೆ ಒಂದರ ಹಿಂದೊಂದು ಓಡುವ ಎರಡು ಪರದೆ, ಅಂದರೆ ಕರ್ಟನ್. ಅವು ಬಟ್ಟೆಯವು, ಅಡ್ಡಕ್ಕೆ ಓಡುತ್ತವೆ. ಬಟ್ಟೆಯಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಚಿತ್ರದಲ್ಲಿ ಬಿಳಿ ಚುಕ್ಕೆ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸ್ ತೆಗೆದು, ಕನ್ನಡಿಯ ಅಂಚನ್ನು ಮೆತ್ತನೆಯ ಕಡ್ಡಿಯಿಂದ ಮೆಲ್ಲಗೆ ಎತ್ತಿ ಹಿಡಿದು ಮುಂದಿನಿಂದ ಟಾರ್ಚ್ ಬಿಡಿ, ಹಿಂದಿನಿಂದ ನೋಡಿ. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವ ಮೊದಲೊಮ್ಮೆ, ಎಳೆದ ಮೇಲೊಮ್ಮೆ. ಯಾಕೆಂದರೆ ಎರಡು ಸಲ ಕಾಣುವುದು ಎರಡು ಬೇರೆ ಕರ್ಟನ್. ಬೆರಳು ತಾಗಿಸಬೇಡಿ.

ಲೆನ್ಸಿನಲ್ಲಿ ಎಲ್ಲರೂ ಫಂಗಸ್ ಹುಡುಕುತ್ತಾರೆ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಮುಖ್ಯ ಅಪರ್ಚರ್ ಎಲೆಗಳು, ಅಂದರೆ ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಎಲೆಗಳು. ಲೆನ್ಸಿನ ಹಿಂಬದಿಯ ಸಣ್ಣ ಲಿವರನ್ನು ಎಫ್/22ರಲ್ಲಿ ಸರಿಸಿ ಬಿಡಿ: ಎಲೆಗಳು ಥಟ್ಟನೆ ಮುಚ್ಚಬೇಕು. ಸೋಮಾರಿಯಾಗಿ ಮುಚ್ಚಿದರೆ ಎಲೆಗಳ ಮೇಲೆ ಎಣ್ಣೆ ಹರಿದಿದೆ. ಶಟರ್ ತೆರೆಯುವ ಹೊತ್ತಿಗೆ ಅವು ಇನ್ನೂ ದಾರಿಯಲ್ಲೇ ಇರುತ್ತವೆ, ಹಾಗಾಗಿ ಎಫ್/11, 16, 22ರಲ್ಲಿ ತೆಗೆದದ್ದೆಲ್ಲ ಅತಿಬೆಳಕು.

ಇನ್ನು ಫೋಮ್, ಅಂದರೆ ಬೆಳಕು ನುಗ್ಗದಂತೆ ಹಿಂಬಾಗಿಲಿನ ಅಂಚಿಗೆ ಹಾಕಿರುವ ಸ್ಪಂಜಿನಂಥ ಪಟ್ಟಿ. ಈ ವಯಸ್ಸಿನ ಯಾವ ಕ್ಯಾಮೆರಾದಲ್ಲೂ ಮೂಲ ಫೋಮ್ ಸರಿ ಇರುವುದಿಲ್ಲ ಎಂದೇ ಹಿಡಿಯಿರಿ. ಬಾಗಿಲಿನ ಮೇಲಿನ ಮತ್ತು ಕೆಳಗಿನ ತೋಡಿನಲ್ಲಿ, ಕೀಲಿನ ಬದಿಯಲ್ಲಿ ಟೂತ್‌ಪಿಕ್ ಆಡಿಸಿ. ಟಾರಿನಂತೆ ಅಂಟಿಕೊಂಡು ಬಂದರೆ ಪೂರ್ತಿ ತೆಗೆಯಬೇಕು. ಕರ್ಟನ್ನಿನ ಮುಂದೆ, ಅದಕ್ಕೆ ತಾಗದಂತೆ, ಒಂದು ಕಾಗದ ಅಡ್ಡ ಇಡಿ. ಕ್ಯಾಮೆರಾವನ್ನು ಬೋರಲು ಹಿಡಿಯಿರಿ, ಚೂರುಗಳು ಒಳಗೆ ಬೀಳದೆ ಕೆಳಗೆ ಬೀಳಲಿ. ಆಲ್ಕೊಹಾಲನ್ನು ಕಡ್ಡಿಗೆ ಹಾಕಿ, ತೋಡಿಗೆ ಸುರಿಯಬೇಡಿ. ಹೊಸದಾಗಿ ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ, ಅಂಟಿರುವ ಕಪ್ಪು ಫೋಮ್ ಪಟ್ಟಿ ಸಾಕು. ಅಂಟಿನ ಬದಿಗೆ ಬೆರಳಲ್ಲಿ ಸ್ವಲ್ಪ ನೀರು ಸವರಿಕೊಂಡರೆ ಕೂಡಲೇ ಹಿಡಿಯುವುದಿಲ್ಲ, ಸರಿಸಿ ಕೂರಿಸಬಹುದು. ಹೆಚ್ಚು ದಪ್ಪ ಹಾಕಿದರೆ ಬಾಗಿಲು ಬಿಗಿಯುತ್ತದೆ. ತೋಡಿಗೆ ಕಪ್ಪು ಉಣ್ಣೆ ನೂಲನ್ನು ಒತ್ತಿ ಕೂರಿಸಿದರೂ ನಡೆಯುತ್ತದೆ, ನೋಡಲು ಚಂದವಿಲ್ಲ, ಬೆಳಕು ಮಾತ್ರ ನುಗ್ಗುವುದಿಲ್ಲ.

ಕನ್ನಡಿ ಬಡಿಯುವ ಜಾಗದ ಫೋಮನ್ನೂ ಬದಲಿಸಿ. ಅದರ ಮೇಲಿನ ಫೋಕಸಿಂಗ್ ಸ್ಕ್ರೀನಿಗೆ ಆಲ್ಕೊಹಾಲ್ ಸೋಕಿಸಲೇಬೇಡಿ, ಒರೆಸಲೂಬೇಡಿ. ಗಾಳಿ ಊದುವ ಬಲ್ಬ್ ಮಾತ್ರ. ವ್ಯೂಫೈಂಡರಿನಲ್ಲಿ ಕಾಣುವ ಕಪ್ಪು ಚುಕ್ಕೆಗಳು ಚಿತ್ರದಲ್ಲಿ ಬರುವುದಿಲ್ಲ.

ಫಿಲ್ಮ್ ಯಾವುದು? ತಾಜಾ, ಐಎಸ್‌ಒ 400, ನೆಗೆಟಿವ್. ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಕೊಡಾಕ್ ಟ್ರೈ-ಎಕ್ಸ್, ಕೆಂಟ್‌ಮಿಯರ್ 400, ಯಾವುದಾದರೂ ಸರಿ. ಅವಧಿ ಮುಗಿದ ರೋಲ್ ಅಗ್ಗವಾಗಿ ಸಿಕ್ಕಿತೆಂದು ಇದಕ್ಕೆ ಹಾಕಬೇಡಿ. ತಪ್ಪು ಕ್ಯಾಮೆರಾದ್ದೋ ಫಿಲ್ಮಿನದೋ ಎಂದು ಆಮೇಲೆ ಬಿಡಿಸಲಾಗದು.

ಹಾಕುವಾಗ ನೇರ ಬಿಸಿಲು ಬೇಡ. ಲೀಡರನ್ನು (ರೋಲಿನಿಂದ ಹೊರಗೆ ಚಾಚಿರುವ ತುದಿ) ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಮೇಲೆ ಕೆಳಗೆ ಎರಡೂ ಬದಿಯ ತೂತುಗಳು ಹಲ್ಲುಗಳಿಗೆ ಕೂತ ಮೇಲೆಯೇ ಬಾಗಿಲು ಮುಚ್ಚಿ. ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿಗೆ ನಿಧಾನ ತಿರುಗಿಸಿ ಸಡಿಲ ತೆಗೆಯಿರಿ. ಎರಡು ಖಾಲಿ ಹೊಡೆತ. ಪ್ರತಿ ಸಲ ಲಿವರ್ ಎಳೆದಾಗ ಆ ರಿವೈಂಡ್ ಗುಂಡಿ ತಾನಾಗಿ ಹಿಮ್ಮುಖ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹೋಗುತ್ತಿಲ್ಲ. ಹೊಸಬರ ಖಾಲಿ ರೋಲುಗಳಲ್ಲಿ ಬಹುಪಾಲು ಇದರ ಫಲ. ಫ್ರೇಮ್ ಎಣಿಕೆಯ ಮುಳ್ಳನ್ನು ನಂಬಬೇಡಿ, ಫಿಲ್ಮ್ ಇಲ್ಲದಿದ್ದರೂ ಅದು ಓಡುತ್ತದೆ.

ತಪಾಸಣೆ ಹೀಗೆ. ತೆರೆದ ನೆರಳಿನಲ್ಲಿರುವ, ಸಮವಾಗಿ ಬೆಳಗಿದ ಒಂದು ಗೋಡೆಯ ಮುಂದೆ ಟ್ರೈಪಾಡಿನಲ್ಲಿಟ್ಟು ಒಂದೇ ಬೆಳಕಿಗೆ ಏಳು ಫ್ರೇಮ್: 1/1000 ಎಫ್/2.8, 1/500 ಎಫ್/4, 1/250 ಎಫ್/5.6, 1/125 ಎಫ್/8, 1/60 ಎಫ್/11, 1/30 ಎಫ್/16, 1/15 ಎಫ್/22. ಲೆಕ್ಕದಲ್ಲಿ ಏಳಕ್ಕೂ ಒಂದೇ ಬೆಳಕು. ಗೋಡೆ ಹೆಚ್ಚು ಕತ್ತಲಿದ್ದರೆ ಏಳನ್ನೂ ಒಂದೊಂದು ಹೆಜ್ಜೆ ನಿಧಾನಕ್ಕೆ ಸರಿಸಿ. ಮೋಡ ಆಡುತ್ತಿರುವ ದಿನ ಇದನ್ನು ಮಾಡಬೇಡಿ. ಪ್ರತಿ ಫ್ರೇಮಿನ ವೇಗ, ಅಪರ್ಚರ್ ಬರೆದಿಟ್ಟುಕೊಳ್ಳಿ. ಬರೆಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಆಮೇಲೆ ಬಿಸಿಲಿಗೆ ಬನ್ನಿ. ಐಎಸ್‌ಒ 400ಕ್ಕೆ ಎಫ್/16ರಲ್ಲಿ 1/500, ಇದು ಸ್ಪಷ್ಟ ನೆರಳು ಬೀಳುವ ಬಿಸಿಲಿನ ಲೆಕ್ಕ. ಅದನ್ನೇ ಎಫ್/11ರಲ್ಲಿ 1/1000, ಎಫ್/22ರಲ್ಲಿ 1/250 ಎಂದೂ ತೆಗೆಯಿರಿ. ಮೀಟರ್ ಬದುಕಿದ್ದರೆ ಅದು ಏನು ಹೇಳುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಫೋಕಸಿಗೆ: ಒಂದು ಮೀಟರ್ ದೂರದಲ್ಲಿ ಓರೆಯಾಗಿ ಜೋಡಿಸಿದ ಪುಸ್ತಕಗಳ ಸಾಲು, ಎಫ್/2, ನಡುವಿನ ಪುಸ್ತಕಕ್ಕೆ ಫೋಕಸ್. ಬೆಳಕು ಸೋರುವುದನ್ನು ಹಿಡಿಯಲು ಲೆನ್ಸಿಗೆ ಮುಚ್ಚಳ ಹಾಕಿ, ಕ್ಯಾಮೆರಾವನ್ನು ಕಡು ಬಿಸಿಲಲ್ಲಿ ಐದು ನಿಮಿಷ ಹೊರಳಿಸುತ್ತಾ ಇಟ್ಟು, ಮುಚ್ಚಳ ತೆಗೆಯದೆ ಎರಡು ಫ್ರೇಮ್ ಹೊಡೆಯಿರಿ. ಆ ಎರಡು ಫ್ರೇಮಿನಲ್ಲಿ ಏನೇ ಕಂಡರೂ ಸೋರಿಕೆಯೇ. ಉಳಿದ ಫ್ರೇಮುಗಳು ನಿಮ್ಮವು, ಇಷ್ಟ ಬಂದದ್ದು ತೆಗೆಯಿರಿ.

ಕೊನೆಯಲ್ಲಿ ಲಿವರ್ ಗಟ್ಟಿಯಾದರೆ ಒತ್ತಾಯ ಬೇಡ, ತೂತುಗಳು ಹರಿಯುತ್ತವೆ. ತಳದ ಸಣ್ಣ ಗುಂಡಿ ಒತ್ತಿ, ಆಮೇಲೆ ರಿವೈಂಡ್. ಬಿಗಿ ತಪ್ಪಿ ಹಿಡಿ ಹಗುರಾಗಿ ತಿರುಗುವವರೆಗೆ ಬಾಗಿಲು ತೆರೆಯುವಂತಿಲ್ಲ.

ಈ ರೋಲನ್ನು ಲ್ಯಾಬಿಗೇ ಕೊಡಿ. ಡೆವಲಪಿಂಗ್ ಕಲಿಕೆಯನ್ನೂ ಇದರಲ್ಲೇ ಸೇರಿಸಿದರೆ ಎರಡು ಅನುಮಾನ ಕೂಡಿಕೊಳ್ಳುತ್ತವೆ. ಮೊದಲೇ ಕೈ ಪಳಗಿದ್ದರೆ ಎಚ್‌ಪಿ5ಗೆ ಐಡಿ-11 ಡೆವಲಪರ್ ನೀರು ಬೆರೆಸದೆ, 20 ಡಿಗ್ರಿ ಸೆಲ್ಸಿಯಸ್, ಏಳೂವರೆ ನಿಮಿಷ. ಲ್ಯಾಬಿಗೆ ಎರಡು ಮಾತು ಹೇಳಲೇಬೇಕು: ನೆಗೆಟಿವ್ ವಾಪಸ್ ಬೇಕು, ಕತ್ತರಿಸಿದ ತುಂಡುಗಳ ಕ್ರಮ ತಪ್ಪಬಾರದು. ಸ್ಕ್ಯಾನ್ ಮಾತ್ರ ನೋಡಿದರೆ ಪ್ರಯೋಜನವಿಲ್ಲ, ಯಂತ್ರ ಪ್ರತಿ ಫ್ರೇಮಿನ ಬೆಳಕನ್ನೂ ತಾನೇ ತಿದ್ದಿ ದೋಷ ಮುಚ್ಚಿಹಾಕುತ್ತದೆ.

ನೆಗೆಟಿವನ್ನು ಫೋನಿನ ಬಿಳಿ ಪರದೆಯಿಂದ ಒಂದಿಂಚು ಮೇಲೆ ಹಿಡಿದು ಆ ಏಳು ಫ್ರೇಮುಗಳನ್ನು ನೋಡಿ. ಏಳೂ ಒಂದೇ ಕಪ್ಪಾಗಿದ್ದರೆ ಶಟರ್, ಅಪರ್ಚರ್ ಎರಡೂ ಕ್ಷೇಮ. 1/1000ದ್ದು ಮಾತ್ರ ದಟ್ಟವಾಗಿದ್ದರೆ ಗಾಬರಿ ಬೇಡ, ಆ ವೇಗ ಹಳೆಯ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಸ್ವಲ್ಪ ನಿಧಾನವೇ. ಅದೇ ಫ್ರೇಮಿನ ಒಂದು ಬದಿ ತೆಳುವಾಗುತ್ತಾ ಹೋಗಿದ್ದರೆ ಎರಡನೆಯ ಕರ್ಟನ್ ಮೊದಲನೆಯದನ್ನು ಹಿಂದಟ್ಟಿ ಹಿಡಿಯುತ್ತಿದೆ. ಅದು ಸರ್ವಿಸಿನ ಕೆಲಸ, ಅಲ್ಲಿಯವರೆಗೆ 1/250ರ ಮೇಲೆ ಹೋಗಬೇಡಿ. ಎಫ್/11ರಿಂದ ಆಚೆಗೆ ದಟ್ಟವಾಗುತ್ತಾ ಹೋಗಿದ್ದರೆ ಎರಡು ಆರೋಪಿಗಳು, ಎಣ್ಣೆ ಹಿಡಿದ ಎಲೆಗಳು ಅಥವಾ ನಿಧಾನಗೊಂಡ ಶಟರ್. ನಿಮ್ಮ ಸ್ಲೋ ಮೋಷನ್ ಎಣಿಕೆಯಲ್ಲಿ 1/30 ಸರಿ ಇತ್ತಾದರೆ ತಪ್ಪು ಲೆನ್ಸಿನದು.

ಸೋರಿಕೆಯ ಕಲೆ ಫ್ರೇಮ್ ದಾಟಿ ಅಂಚಿನ ತೂತುಗಳವರೆಗೆ ಹರಡಿದ್ದರೆ ಹಿಂಬಾಗಿಲಿನ ಫೋಮ್. ಫ್ರೇಮಿನ ಒಳಗೇ ನಿಂತಿದ್ದರೆ ಬೆಳಕು ಮುಂದಿನಿಂದ ಬಂದಿದೆ, ಕರ್ಟನ್ ನೋಡಿ. ಕಲರ್ ಫಿಲ್ಮಿನ ಚಿತ್ರದಲ್ಲಿ (ನೆಗೆಟಿವಿನಲ್ಲಲ್ಲ) ಕೆಂಪು-ಕಿತ್ತಳೆ ಕಲೆ ಬಂದರೆ ಬೆಳಕು ಹಿಂದಿನಿಂದ ನುಗ್ಗಿದೆ: ಕೆಂಪನ್ನು ಗ್ರಹಿಸುವ ಪದರ ಫಿಲ್ಮಿನ ಬೆನ್ನಿಗೆ ಹತ್ತಿರ ಇರುವುದರಿಂದ ಮೊದಲ ಪೆಟ್ಟು ಅದಕ್ಕೆ. ಉದ್ದಕ್ಕೂ ಒಂದೇ ಗೆರೆ ಓಡಿದ್ದರೆ ಹಿಂಬಾಗಿಲಿನ ಒಳಗೆ ಫಿಲ್ಮನ್ನು ಒತ್ತಿ ಹಿಡಿಯುವ ಫಲಕದ ಮೇಲೆ ಮರಳಕಣ ಇದೆ. ರೋಲ್ ಪೂರ್ತಿ ಖಾಲಿ, ಆದರೆ ಅಂಚಿನ ಅಂಕಿಗಳು ಕಾಣುತ್ತಿವೆ ಎಂದರೆ ಡೆವಲಪಿಂಗ್ ಸರಿಯಾಗಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಅಂಕಿಗಳೂ ಇಲ್ಲದಿದ್ದರೆ ತಪ್ಪು ರಾಸಾಯನಿಕದ ಕಡೆ.

ಏನೇ ಬಂದರೂ ಇಲ್ಲಿ ಹಾಕುವಾಗ ಸ್ಕ್ಯಾನ್ ಬೇಡ. ನೆಗೆಟಿವ್ ಪಟ್ಟಿಯನ್ನು ಅಂಚಿನ ತೂತುಗಳೂ ಕಾಣುವಂತೆ ಫೋನಿನಲ್ಲಿ ತೆಗೆದು, ಬರೆದಿಟ್ಟ ವೇಗ-ಅಪರ್ಚರ್ ಪಟ್ಟಿಯನ್ನೂ ಕೆಳಗೆ ಟೈಪ್ ಮಾಡಿ. ಮೀಟರ್ ಬಗ್ಗೆ ಹೇಳುವುದಾದರೆ ಬ್ಯಾಟರಿ ಕೋಣೆಯ ಒಂದು ಫೋಟೊ ಕೂಡ.