ಓದುಗರ ಪ್ರಶ್ನೆ: ಬಿಲ್ ವಿದರ್ಸ್ ಹಾಡುವುದನ್ನು ಏಕೆ ಬಿಟ್ಟರು?

ಪ್ರಶ್ನೆ: ‘ಲೀನ್ ಆನ್ ಮಿ’ ಖ್ಯಾತಿಯ ಅಮೆರಿಕದ ಗಾಯಕ, ಗೀತರಚನೆಕಾರ ಬಿಲ್ ವಿದರ್ಸ್ 1985ರ ನಂತರ ಹೊಸ ಆಲ್ಬಮ್ ತರಲಿಲ್ಲವೆಂದು ಓದಿದೆ. ಅಷ್ಟು ಹೆಸರು ಮಾಡಿದವರು ಹಾಡುವುದನ್ನು ಏಕೆ ಬಿಟ್ಟರು?
– ಓದುಗರೊಬ್ಬರು, ಧಾರವಾಡ

ಉತ್ತರ: ಅವರು ಸಂಗೀತಕ್ಕೆ ಬಂದ ಬಗೆಯನ್ನು ನೋಡಿದರೆ ಬಿಟ್ಟ ಬಗೆಯೂ ಅರ್ಥವಾಗುತ್ತದೆ. 1938ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದ ವಿದರ್ಸ್‌ಗೆ ಬಾಲ್ಯದಿಂದಲೂ ಉಗ್ಗು ಇತ್ತು; ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡರು. ನೌಕಾಪಡೆಯಲ್ಲಿ 9 ವರ್ಷ ದುಡಿದು, 1967ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು, ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೂಕರ್ ಟಿ. ಜೋನ್ಸ್ ನಿರ್ಮಿಸಿದ ಮೊದಲ ಆಲ್ಬಮ್ 1971ರಲ್ಲಿ ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಅದರ ಹೊದಿಕೆಯ ಚಿತ್ರದಲ್ಲಿ ಕಾರ್ಖಾನೆಯ ಮುಂದೆ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಅದು ತೋರಿಕೆಗಾಗಿ ತೆಗೆಸಿಕೊಂಡ ಚಿತ್ರವಲ್ಲ, ಏಕೆಂದರೆ ಸಂಗೀತವನ್ನೇ ನಂಬಿ ಕೂರುವುದು ಜಾಣತನವಲ್ಲವೆಂದು ಅವರು ಆ ಕೆಲಸವನ್ನು ಇನ್ನೂ ಬಿಟ್ಟಿರಲಿಲ್ಲ.

ಆ ಆಲ್ಬಮ್‌ನ ‘ಏಂಟ್ ನೋ ಸನ್‌ಶೈನ್’ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದರ ನಡುವೆ ‘ಐ ನೋ’ ಎಂಬ ಎರಡೇ ಪದಗಳು 26 ಬಾರಿ ಬರುತ್ತವೆ. ಆ ಜಾಗಕ್ಕೆ ಬೇರೆ ಸಾಲು ಬರೆಯುವ ಯೋಚನೆ ವಿದರ್ಸ್‌ಗಿತ್ತಾದರೂ, ಧ್ವನಿಮುದ್ರಣದಲ್ಲಿದ್ದ ಅನುಭವಿ ವಾದಕರು ಹಾಗೆಯೇ ಇರಲಿ ಎಂದರು. 1972ರಲ್ಲಿ ಬಂದ ‘ಲೀನ್ ಆನ್ ಮಿ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ತೊಡಕು ಆರಂಭವಾದದ್ದು ಅವರ ಹಾಡುಗಳನ್ನು ಹೊರತರುತ್ತಿದ್ದ ಮೊದಲ ಸಂಸ್ಥೆ ಸಸೆಕ್ಸ್ ಮುಳುಗಿ, ಅವರು ಕೊಲಂಬಿಯಾ ರೆಕಾರ್ಡ್ಸ್‌ಗೆ ಹೋದ ಮೇಲೆ. ಏನು ಹಾಡಬೇಕು, ಹೇಗೆ ಹಾಡಬೇಕು ಎಂಬುದರಲ್ಲಿ ಅಧಿಕಾರಿಗಳು ಕೈಹಾಕತೊಡಗಿದರು. ಎಲ್ವಿಸ್ ಪ್ರೀಸ್ಲಿ ಹಾಡಿದ್ದ ಗೀತೆಯೊಂದನ್ನು ಮತ್ತೆ ಹಾಡುವಂತೆ ತಮಗೆ ಸೂಚಿಸಿದ್ದನ್ನು ಅವರು ಮುಂದೆ ಬೇಸರದಿಂದಲೇ ನೆನೆದಿದ್ದಾರೆ. 1978ರಿಂದ 1985ರವರೆಗೆ ಅವರ ಸ್ವಂತ ಆಲ್ಬಮ್ ಒಂದೂ ಹೊರಬರಲಿಲ್ಲ. ಈ ನಡುವೆ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ಆಲ್ಬಮ್‌ಗಾಗಿ ಹಾಡಿದ ‘ಜಸ್ಟ್ ದ ಟೂ ಆಫ್ ಅಸ್’ ಇನ್ನೊಂದು ಗ್ರ್ಯಾಮಿ ತಂದಿತೆಂಬುದು ವಿಪರ್ಯಾಸ. ಪ್ರತಿಭೆ ಬತ್ತಿ ಅವರು ನಿಂತರೆಂದು ನನಗನ್ನಿಸುವುದಿಲ್ಲ. ಹಾಡುಗಾರನಲ್ಲದೆಯೂ ಬದುಕಿ ಗೊತ್ತಿದ್ದವರಿಗೆ ಇನ್ನೊಬ್ಬರ ಅಪ್ಪಣೆಯಂತೆ ಹಾಡುವ ದರ್ದು ಇರಲಿಲ್ಲ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ದೊರೆತ ಮೇಲೂ ಅವರು ಸಂಗೀತ ವೃತ್ತಿಗೆ ಮರಳಲಿಲ್ಲ. 2020ರ ಮಾರ್ಚ್ 30ರಂದು ತೀರಿಕೊಂಡರು.

ಅವರನ್ನು ಹೊಸದಾಗಿ ಕೇಳುವವರು 1972ರ ಕಾರ್ನೆಗಿ ಹಾಲ್ ಕಛೇರಿಯ ಧ್ವನಿಮುದ್ರಣದಿಂದ ಆರಂಭಿಸಬಹುದು. ಅಜ್ಜಿಯ ಕುರಿತ ಹಾಡಿಗೆ ಮುನ್ನ, ಒಂದು ಕಾಲಕ್ಕೆ ಉಗ್ಗುತ್ತಿದ್ದ ಈ ಮನುಷ್ಯ ತುಂಬಿದ ಸಭೆಯೊಡನೆ ನಿರಾಳವಾಗಿ, ನಗಿಸುತ್ತಾ ಹರಟುವುದನ್ನು ಅದರಲ್ಲಿ ಕೇಳಬಹುದು.