ಪ್ಲಾಸ್ಟಿಕ್ ಬಿಚ್ಚಿ ಓದಿ ಸ್ವಾಮಿ

ಪತ್ರ ಬಂದಿರುವುದು ಮೈಸೂರಿನ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿಯಿಂದ. ಹೆಸರು ಹಾಕಬೇಡಿ ಎಂದಿದ್ದಾರೆ. ತಾವು ಕೊಳ್ಳುವ ಪತ್ರಿಕೆಗಳ ನಿಜವಾದ ಬೆಲೆ ಮನೆಯವರಿಗೆ ಇನ್ನೂ ಗೊತ್ತಿಲ್ಲವಂತೆ. ಅಮೆರಿಕದಲ್ಲಿರುವ ಮಗನ ಮೂಲಕ 1930ರ ದಶಕದ ಪಲ್ಪ್ ಪತ್ರಿಕೆಗಳನ್ನು, ಅಂದರೆ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಥೆ ಪತ್ರಿಕೆಗಳನ್ನು, ತರಿಸಿ ಕೂಡಿಡುತ್ತಿದ್ದಾರೆ. ಪತ್ತೇದಾರಿ ಕಥೆಗಳ 'ಬ್ಲ್ಯಾಕ್ ಮಾಸ್ಕ್', ಭೂತ-ಮಾಯೆಯ ಕಥೆಗಳ 'ವಿಯರ್ಡ್ ಟೇಲ್ಸ್' ಎಲ್ಲ ಸೇರಿ ಹದಿನೇಳು ಸಂಚಿಕೆ ಆಗಿವೆ. ಪುಟ ಉದುರೀತು ಎಂದು ಹೆದರಿ ಒಂದನ್ನೂ ಬಿಚ್ಚಿಲ್ಲ. ಅವರ ಪ್ರಶ್ನೆ ಎರಡು. ಇಂಥ ಸಂಚಿಕೆಗಳ ಸ್ಥಿತಿಗೆ ಅಂಕ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸುವ ಪದ್ಧತಿ ಅಲ್ಲಿ ಇದೆಯಂತೆ, ತಾವೂ ಮಾಡಿಸಬೇಕೇ? ಎರಡನೆಯದು, ಈ ಕಚಡಾ ಸಾಹಿತ್ಯಕ್ಕೆ ಇಷ್ಟು ದುಡ್ಡೇ ಎಂದು ಕೇಳುವ ವಾಕಿಂಗ್ ಗೆಳೆಯರಿಗೆ ಏನು ಹೇಳಬೇಕು?

ಸ್ವಾಮಿ, ಮೊದಲು ನಿಮ್ಮನ್ನು ಬೈದುಬಿಡುತ್ತೇನೆ. ಹದಿನೇಳು ಸಂಚಿಕೆ ಮನೆಯಲ್ಲಿಟ್ಟುಕೊಂಡು ಒಂದನ್ನೂ ಓದಿಲ್ಲ ಅಂದರೆ ಹೇಗೆ? ಹಲಸಿನ ಹಣ್ಣು ತಂದು ಷೋಕೇಸಿನಲ್ಲಿಟ್ಟ ಹಾಗಾಯಿತು.

ಸೀಲ್ ಮಾಡಿಸುವವರ ಮಾತು ಪೂರ್ತಿ ಸುಳ್ಳಲ್ಲ. ಅದು ಮೊದಲೇ ಅಗ್ಗದ ಕಾಗದ. ಮರ ಅರೆದು ಮಾಡಿದ್ದು. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಟು, ಆಮ್ಲ ಎರಡೂ ಸೇರಿ ಕಾಗದವನ್ನು ಒಳಗಿನಿಂದಲೇ ತಿನ್ನುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೆ ಕಾಗದ ಕೊಡಿ ಎಂದು ಊರೂರಲ್ಲಿ ಸಂಗ್ರಹಿಸಿದಾಗ ಎಷ್ಟೋ ಸಂಚಿಕೆಗಳು ಗಿರಣಿ ಸೇರಿದವು. ಉಳಿದಿದ್ದನ್ನು ಯಾರಾದರೂ ಕಾಪಾಡಬೇಕು, ಒಪ್ಪಿದೆ. ಆದರೆ ಒಳಗಿನ ಆಮ್ಲಕ್ಕೆ ಹೊರಗಿನ ಡಬ್ಬಿಯ ಹಂಗಿಲ್ಲ. ಡಬ್ಬಿ ಉಳಿಸುವುದು ಬೆಲೆಯನ್ನು.

ಈ ಪತ್ರಿಕೆಗಳು ಹುಟ್ಟಿದ್ದೇ ಓದಿ ಬಿಸಾಡಲಿಕ್ಕೆ. 1896ರಲ್ಲಿ ಫ್ರಾಂಕ್ ಮನ್ಸಿ ತನ್ನ 'ಆರ್ಗೊಸಿ'ಯನ್ನು ಅಗ್ಗದ ಕಾಗದದಲ್ಲಿ, ಬರೀ ಕಥೆಗಳ ಪತ್ರಿಕೆಯಾಗಿ ತಂದ. ಕಥೆ ಓಡಿದರೆ ಸಾಕು, ಕಾಗದ ಹೇಗಿದ್ದರೇನು ಅನ್ನುವ ಲೆಕ್ಕ. ಹಾಗೆ ಅಗ್ಗವಾಗಿದ್ದರಿಂದಲೇ ನಮಗೆ ಪತ್ತೇದಾರಿ ಕಥೆಗಾರ ರೇಮಂಡ್ ಚಾಂಡ್ಲರ್ ಸಿಕ್ಕಿದರು. ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆ, ಕುಡಿತ, 1932ರಲ್ಲಿ ಕೆಲಸ ಹೋಯಿತು. ಕಾರಿನಲ್ಲಿ ಸುತ್ತಾಡುವಾಗ ಪಲ್ಪ್ ಓದತೊಡಗಿದರು. ಓದಿ ಎಸೆದರೂ ನಷ್ಟವಿಲ್ಲ ಅನ್ನುವುದೇ ಕಾರಣ ಎಂದು ಅವರೇ ಬರೆದಿದ್ದಾರೆ. ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಅವರ ಒಂದು ಕಥೆಯ ಸಾರಾಂಶ ಮಾಡಿಕೊಂಡು, ಅದನ್ನೇ ತಮ್ಮ ಮಾತಿನಲ್ಲಿ ಮತ್ತೆ ಬರೆದು ಕಲಿತರು, ಶಾಲೆ ಹುಡುಗ ಕಾಪಿ ತಿದ್ದಿದ ಹಾಗೆ. ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. 1933ರ ಡಿಸೆಂಬರ್‌ನಲ್ಲಿ 'ಬ್ಲ್ಯಾಕ್ ಮಾಸ್ಕ್'ನಲ್ಲಿ ಬಂತು. ಪದಕ್ಕೆ ಒಂದು ಸೆಂಟಿನಂತೆ 180 ಡಾಲರ್. ಆಗ ಅವರಿಗೆ 45 ವರ್ಷ. ಆ ಓದುಗ ಕಾರಿನಲ್ಲಿ ಸಂಚಿಕೆಯನ್ನು ಸೀಲ್ ಮಾಡಿ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಗಾರ್ಡ್ನರ್ ಬಗ್ಗೆ ಇನ್ನೊಂದು ಮಾತಿದೆ. ಪತ್ತೇದಾರಿ ವಕೀಲ ಪೆರಿ ಮೇಸನ್‌ನ ಸೃಷ್ಟಿಕರ್ತ ಅವರೇ, ನಮ್ಮ ಬಾಡಿಗೆ ಲೈಬ್ರರಿಗಳಲ್ಲಿ ಪುಟ ಸವೆದವರು. ನಿಮ್ಮ ನಾಯಕ ಯಾಕೆ ಯಾವಾಗಲೂ ಕೊನೇ ಗುಂಡಿಗೇ ಶತ್ರುವನ್ನು ಬೀಳಿಸುತ್ತಾನೆ ಎಂದು ಕೇಳಿದ್ದಕ್ಕೆ, ಪದಕ್ಕೆ ಮೂರು ಸೆಂಟು ಕೊಡುವಾಗ ಗುಂಡು ಉಳಿದಿರುವಂತೆಯೇ ಯಾರು ಜಗಳ ಮುಗಿಸುತ್ತಾರೆ ಎಂದರಂತೆ. ನಿಜವೋ ಸುಳ್ಳೋ, ಸಂಭಾವನೆ ಕೊಡುವ ಕುರ್ಚಿಯಲ್ಲಿ ಕೂತ ನನಗಂತೂ ನಿಜ ಅನ್ನಿಸುತ್ತದೆ.

ನಿಮ್ಮ ವಾಕಿಂಗ್ ಗೆಳೆಯರಿಗೆ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರ ಬಾಲ್ಯದ ಕಥೆ ಹೇಳಿ. ಅವರ ತಂದೆ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದರು. ಪತ್ರಿಕೆಗಳೂ ಅಲ್ಲೇ ಮಾರಾಟಕ್ಕಿದ್ದವು. ಹುಡುಗ ಕೆಡುತ್ತಾನೆ ಅಂತ ಪಲ್ಪ್ ಮುಟ್ಟಲು ಬಿಡುತ್ತಿರಲಿಲ್ಲ. 1929ರಲ್ಲಿ 'ಸೈನ್ಸ್ ವಂಡರ್ ಸ್ಟೋರೀಸ್' ಬಂದಾಗ ಹುಡುಗ ಹೆಸರಲ್ಲೇ ಸೈನ್ಸ್ ಇದೆಯಲ್ಲ ಎಂದು ವಾದ ಹೂಡಿ ಗೆದ್ದ. ಒಂದೇ ಷರತ್ತು: ಓದಿದ ಮೇಲೆ ಹೊಸದರ ಹಾಗೇ ವಾಪಸ್ ಇಡಬೇಕು, ಮಾರಬೇಕಲ್ಲ! ನಿಮ್ಮಂಥ ಸಂಗ್ರಹಕಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಎಲ್ಲವೂ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮುಕ್ಕಾಲು ಭಾಗ ಹೊಟ್ಟು. ಅದರಲ್ಲೂ ಕಥೆ ಇಂಡಿಯಾಕ್ಕೆ ಬಂದರೆ ಹಾವು, ಫಕೀರ, ಕಾಳಿ ಗುಡಿ ಇಷ್ಟೇ. ಕೋಪ ಬರುತ್ತದೆ, ಆಮೇಲೆ ನಗು.

ಪಿಡಿಎಫ್‌ನಲ್ಲಿ ಓದಬಹುದಲ್ಲ ಅನ್ನುತ್ತೀರಿ. ಓದಬಹುದು. ಆದರೆ ಸಂಚಿಕೆ ಕೈಯಲ್ಲಿದ್ದರೆ ಕಣ್ಣು ಕಥೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಮನೆಯಲ್ಲೇ ಕೂತು ರೇಡಿಯೋ ರಿಪೇರಿ ಕಲಿಯಿರಿ, ತೋಳಿನ ಮಾಂಸಖಂಡ ಬೆಳೆಸಿ, ಹರ್ನಿಯಾಕ್ಕೆ ಬೆಲ್ಟ್ ಕಟ್ಟಿ ಅನ್ನುವ ಜಾಹೀರಾತು ನೋಡಿದರೆ ಓದುಗ ಯಾರು ಅಂತ ಗೊತ್ತಾಗುತ್ತದೆ. ಇನ್ನು ಓದುಗರ ಪತ್ರಗಳು! ಇದರಲ್ಲಿ ನನಗೆ ಸ್ವಾರ್ಥ ಇದೆ, ಮುಚ್ಚಿಡುವುದಿಲ್ಲ. ವಿಜ್ಞಾನ ಕಥೆಗಳ ಪತ್ರಿಕೆ 'ಅಮೇಝಿಂಗ್ ಸ್ಟೋರೀಸ್'ನ ಸಂಪಾದಕ ಹ್ಯೂಗೋ ಗರ್ನ್ಸ್‌ಬ್ಯಾಕ್ ಪತ್ರ ಬರೆದವರ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಓದುಗರು ಒಬ್ಬರಿಗೊಬ್ಬರು ಬರೆದುಕೊಂಡರು, ಸಂಘ ಕಟ್ಟಿದರು. ಮುಂದೆ ಸೂಪರ್‌ಮ್ಯಾನ್ ಹುಟ್ಟಿಸಿದ ಜೆರ್ರಿ ಸೀಗಲ್ ಕೂಡ ಹಾಗೆ ಪತ್ರ ಬರೆಯುತ್ತಿದ್ದ ಹುಡುಗ.

ಪಲ್ಪ್ ಕಥೆ ಬರೆದವರಿಗೆ ಸಿಕ್ಕಿದ್ದೇನು? ಕತ್ತಿವೀರ ಕೋನನ್‌ನನ್ನು ಹುಟ್ಟಿಸಿದ ರಾಬರ್ಟ್ ಇ. ಹೋವರ್ಡ್ 1936ರಲ್ಲಿ, ಬರೀ 30 ವರ್ಷಕ್ಕೆ, ತಾವಾಗಿಯೇ ಜೀವ ಕಳೆದುಕೊಂಡರು. ಆಗಲೂ 'ವಿಯರ್ಡ್ ಟೇಲ್ಸ್' ಅವರಿಗೆ ದುಡ್ಡು ಬಾಕಿ ಇಟ್ಟಿತ್ತು. ಆದರೆ ಅಲ್ಲಿ ಆ ಬಾಕಿಯ ಲೆಕ್ಕವಾದರೂ ಸಿಗುತ್ತದೆ. 'ದ ಶಾಡೋ' ಎಂಬ ಪಲ್ಪ್ ನಾಯಕನ 325 ಕಾದಂಬರಿಗಳಲ್ಲಿ 282 ವಾಲ್ಟರ್ ಗಿಬ್ಸನ್ ಅವರವು ಎಂದು ಇವತ್ತು ಹೇಳಬಹುದು, ಅಚ್ಚಾದದ್ದು ಬೇರೆಯದೇ ಹೆಸರಾದರೂ. ಯಾಕೆಂದರೆ ಕೂಡಿಟ್ಟವರು ಬಿಚ್ಚಿ ಓದಿದರು, ಪಟ್ಟಿ ಮಾಡಿದರು.

ನಮ್ಮಲ್ಲಿ? ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಓದಿದ್ದು ನಾಲ್ಕನೇ ಕ್ಲಾಸು. ಪತ್ತೇದಾರ ಪುರುಷೋತ್ತಮನ ಕೈ ಹಿಡಿದು ಕನ್ನಡ ಓದಿಗೆ ಬಂದವರಲ್ಲಿ ನಾನೂ ಒಬ್ಬ. 2011ರಲ್ಲಿ ಅವರು ಹೋದಾಗ ನಾಲ್ಕು ದಿನ ನೆನೆಸಿಕೊಂಡೆವು. ಆಮೇಲೊಮ್ಮೆ ಅವರ ಹಳೆ ಪುಸ್ತಕ ಹುಡುಕಿಕೊಂಡು ಒಂದು ಊರಿನ ಲೈಬ್ರರಿಗೆ ಹೋಗಿದ್ದೆ. ಅವನ್ನೆಲ್ಲ ತೂಕಕ್ಕೆ ಹಾಕಿಯಾಯಿತು ಸಾರ್, ಅವು ಸಾಹಿತ್ಯ ಅಲ್ಲವಲ್ಲ ಅಂದರು. ಗೋಡೆಯ ಬೀರುವಿನಲ್ಲಿ ಯಾರೂ ಮುಟ್ಟದ ಸಮಗ್ರ ಸಂಪುಟಗಳು ಬೀಗ ಹಾಕಿಕೊಂಡು ಕೂತಿದ್ದವು. ಅವೂ ಒಂಥರಾ ಸೀಲ್ ಆದವೇ, ಅಲ್ವಾ? ಪ್ರಶಸ್ತಿ ಸಮಿತಿ, ಪಠ್ಯ ಸಮಿತಿ ಎಲ್ಲ ಕಡೆ ಇದೇ ರೋಗ. ಜನ ಓದಿದ್ದು ಅಂದರೆ ಸಾಕು, ಮೂಗು ಮುರಿಯುತ್ತಾರೆ. ಆಮೇಲೆ ಕನ್ನಡದಲ್ಲಿ ಓದುಗರಿಲ್ಲ ಅಂತ ವಿಚಾರಸಂಕಿರಣ ಮಾಡುತ್ತಾರೆ. ಇರಲಿ, ಎಲ್ಲಿಗೋ ಹೋದೆ.

ಈ ಭಾನುವಾರ ಫ್ಯಾನ್ ಆರಿಸಿ ಮೇಜಿಗೆ ಕೂರಿ. ಎರಡೂ ಪಕ್ಕ ಟವಲ್ ಸುತ್ತಿಟ್ಟು, ನಡುವೆ ಸಂಚಿಕೆ ಇಡಿ. ಪೂರ್ತಿ ಅಗಲಿಸಬೇಡಿ, ಅರ್ಧ ತೆರೆದರೆ ಸಾಕು. ಖಡಕ್ ರೊಟ್ಟಿ ಮುರಿದ ಹಾಗೆ ಅಂಚಿನ ಚೂರು ಒಂದಷ್ಟು ಉದುರುತ್ತದೆ, ಉದುರಲಿ. 'ಬ್ಲ್ಯಾಕ್ ಮಾಸ್ಕ್'ನಿಂದ ಶುರು ಮಾಡಿ. ಎಷ್ಟು ಗುಂಡು ಹಾರಿತು, ನಾಯಕ ಎಷ್ಟನೇ ಗುಂಡಿಗೆ ಗೆದ್ದ ಅಂತ ಎಣಿಸಿ ನನಗೆ ಬರೆಯಿರಿ. ಬೆಲೆ ಮಾತ್ರ ಬರೆಯಬೇಡಿ. ನಮ್ಮ ಪತ್ರಿಕೆಯನ್ನು ನಿಮ್ಮ ಮನೆಯಲ್ಲಿ ನಿಮಗಿಂತ ಮೊದಲು ಓದುವವರಿದ್ದಾರೆ ಎಂದು ನೀವೇ ಬರೆದಿದ್ದೀರಿ.