ಹ್ಯಾನೋವರಿನಲ್ಲಿ ನಾಯಿಗೆ ಕಲಿಸುವ ಕೆಲಸ: ನೀವು ಕೇಳಿದ್ದಕ್ಕೆ ಉತ್ತರ

ಬೆಂಗಳೂರಿನಲ್ಲಿ ಮೂರು ವರ್ಷ ನಾಯಿಗಳಿಗೆ ತರಬೇತಿ ಕೊಟ್ಟಿದ್ದೇನೆ, ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವೂ ಇದೆ, ಹೆಂಡತಿಗೆ ಜರ್ಮನಿಯ ಹ್ಯಾನೋವರಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿಗೆ ಬಂದ ತಿಂಗಳೇ ನಾಯಿಗಳ ವರ್ತನೆಯ ಸಲಹೆಗಾರನಾಗಿ ದುಡಿಯಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಎರಡು ವರ್ಷ ಹಿಡಿಯುತ್ತದೆ ಎಂದುಕೊಂಡೇ ಬನ್ನಿ.

ವೀಸಾದ ಚಿಂತೆ ಬಿಡಿ. ಸಂಗಾತಿಯಾಗಿ ಬಂದವರು ಇಲ್ಲಿ ಸ್ವಂತ ಉದ್ಯೋಗವನ್ನೂ ಮಾಡಬಹುದು. ತೊಡಕಿರುವುದು ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾಯಿದೆಯ 11ನೆಯ ಕಲಮಿನಲ್ಲಿ. 2014ರ ಆಗಸ್ಟ್‌ನಿಂದ ಹಣ ಪಡೆದು ನಾಯಿಗೆ ಕಲಿಸುವವರಾಗಲಿ, ಮಾಲೀಕರಿಗೆ ಹೇಳಿಕೊಡುವವರಾಗಲಿ ಸ್ಥಳೀಯ ಸರ್ಕಾರಿ ಪಶುವೈದ್ಯ ಕಚೇರಿಯಿಂದ ಪರವಾನಗಿ ಪಡೆಯಲೇಬೇಕು. ತಮಾಷೆಯೆಂದರೆ, 'ಹುಂಡೆಟ್ರೈನರ್', ಅಂದರೆ ನಾಯಿ ತರಬೇತುದಾರ, ಎಂಬ ಬಿರುದಿಗೆ ಯಾವ ಕಾವಲೂ ಇಲ್ಲ, ಯಾರು ಬೇಕಾದರೂ ಹೆಸರಿನ ಮುಂದೆ ಹಾಕಿಕೊಳ್ಳಬಹುದು. ಅದರಿಂದ ದುಡಿಯಲು ಹೊರಟಾಗ ಮಾತ್ರ ಕಾನೂನು ಎದ್ದು ನಿಲ್ಲುತ್ತದೆ. ಯಾವ ಪ್ರಮಾಣಪತ್ರವನ್ನು ಒಪ್ಪಬೇಕು ಎಂಬುದರಲ್ಲಿ ಒಂದೊಂದು ಕಚೇರಿಯದು ಒಂದೊಂದು ದಾರಿ. ಆದ್ದರಿಂದ ಮೊದಲು ಕಚೇರಿಗೆ ಬರೆದು ಕೇಳಿ, ಆಮೇಲೆ ಕೋರ್ಸಿಗೆ ದುಡ್ಡು ಕಟ್ಟಿ. ನಾನು ಮೊದಲು ಕಟ್ಟಿ ಆಮೇಲೆ ಕೇಳಿದವಳು. ಆ ಹೊಳಪಿನ ಕಾಗದ ಇನ್ನೂ ಕಪಾಟಿನಲ್ಲಿದೆ.

ಇಲ್ಲಿನ ನೀಡರ್‌ಸ್ಯಾಕ್ಸನ್ ರಾಜ್ಯದ ಪಶುವೈದ್ಯರ ಮಂಡಳಿ ತಾನೇ ತರಬೇತುದಾರರನ್ನು ಪರೀಕ್ಷಿಸಿ ಪ್ರಮಾಣೀಕರಿಸುತ್ತದೆ. ಅದು ಕೈಯಲ್ಲಿದ್ದರೆ ದಾರಿ ಸಲೀಸು. ಇಲ್ಲದಿದ್ದರೆ ಕಚೇರಿಯೇ ನಿಮ್ಮನ್ನು ಕೂರಿಸಿಕೊಂಡು ಪರೀಕ್ಷಿಸುತ್ತದೆ.

ನನ್ನ ಮೌಖಿಕ ಪರೀಕ್ಷೆಯಲ್ಲಿ ಒಂದು ವಿಡಿಯೊ ಹಾಕಿದರು. ಹುಲ್ಲಿನ ಮೇಲೆ ಒಂದು ಕಂದು ನಾಯಿ, ಅದರತ್ತ ಬಾಗಿ ಕೈ ಚಾಚಿದ ಗಂಡಸು. 'ಏನು ಕಾಣುತ್ತದೆ?' ಎಂದರು. 'ನಾಯಿ ಹೆದರಿದೆ' ಎಂದೆ. 'ಅದು ನಿಮ್ಮ ತೀರ್ಮಾನ. ಕಂಡದ್ದೇನು?' ಮತ್ತೆ ಹಾಕಿದರು. ಭಾರವೆಲ್ಲ ಹಿಂಗಾಲಿನ ಮೇಲೆ, ಬಾಯಿ ಬಿಗಿ, ನಾಲಿಗೆ ಒಮ್ಮೆ ಮೂಗಿನವರೆಗೆ ಬಂದು ಹೋಯಿತು, ತಲೆ ಪಕ್ಕಕ್ಕೆ, ಬಾಲ ಅಲ್ಲಾಡುತ್ತಿದೆ, ಆದರೆ ಕೆಳಗೆ, ಸಣ್ಣಗೆ. ಬಾಲ ಅಲ್ಲಾಡಿಸಿದರೆ ಖುಷಿಯೆಂದು ನಂಬಿ ಬೆಳೆದವಳು ನಾನು. ಇಷ್ಟನ್ನೂ ಜರ್ಮನ್ ಭಾಷೆಯಲ್ಲಿ, ತಡವರಿಸದೆ ಹೇಳಬೇಕಾಗಿತ್ತು. ನಾಯಿಗೆ ನೀವು ಕನ್ನಡದಲ್ಲೇ 'ಕೂರು' ಎನ್ನಬಹುದು, ಅದಕ್ಕೇನೂ ಬೇಸರವಿಲ್ಲ. ಆದರೆ ದುಡ್ಡು ಕೊಡುವುದು ಅದರ ಮಾಲೀಕ, ಮತ್ತು ನಮ್ಮ ಕೆಲಸದ ಮುಕ್ಕಾಲು ಪಾಲು ಅವನನ್ನು ಒಪ್ಪಿಸುವುದರಲ್ಲೇ ಕಳೆಯುತ್ತದೆ. ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಇಲ್ಲದೆ ಇದು ಸಾಗುವುದಿಲ್ಲ.

ಕೆಲಸಕ್ಕೇನೂ ಬರವಿಲ್ಲ. ಈ ರಾಜ್ಯದಲ್ಲಿ 2013ರ ಜುಲೈನಿಂದ, ಮೊದಲ ಸಲ ನಾಯಿ ಸಾಕುವವರು ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಆ ಕಾನೂನು ನಮಗೆ ಅನ್ನ ಹಾಕುತ್ತದೆ. ಮುಳ್ಳಿನ ಕೊರಳಪಟ್ಟಿ, ಶಾಕ್ ಕೊಡುವ ಕೊರಳಪಟ್ಟಿ ಎರಡೂ ಇಲ್ಲಿ ನಿಷಿದ್ಧ. ಅವುಗಳನ್ನು ನೆಚ್ಚಿಕೊಂಡ ವಿದ್ಯೆಯಾದರೆ ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು ಮಾತು: ಔಷಧಿ ಬರೆಯುವ ಹಕ್ಕು ಪಶುವೈದ್ಯರಿಗೆ ಮಾತ್ರ. ಇದ್ದಕ್ಕಿದ್ದಂತೆ ಕಚ್ಚತೊಡಗಿದ ನಾಯಿಯನ್ನು ನಾನು ಮೊದಲು ಅವರ ಬಳಿಗೇ ಕಳುಹಿಸುತ್ತೇನೆ. ಎಷ್ಟೋ ಸಲ ಸೊಂಟದ ನೋವು ಸಿಟ್ಟಿನ ವೇಷದಲ್ಲಿರುತ್ತದೆ.

ನಿಮಗೊಂದು ಬಂಡವಾಳ ಈಗಾಗಲೇ ಇದೆ, ಅದನ್ನು ನೀವು ಪತ್ರದಲ್ಲಿ ಬರೆದೇ ಇಲ್ಲ. ಇಲ್ಲಿನವರು ರೊಮೇನಿಯಾದ ಬೀದಿ ನಾಯಿಗಳನ್ನು ದತ್ತು ತರುತ್ತಾರೆ. ಹೋದ ಚಳಿಗಾಲ ಮೂರನೆಯ ಮಹಡಿಯ ಒಂದು ಮನೆಗೆ ಹೋಗಿದ್ದೆ. ಅಂಥದೊಂದು ನಾಯಿ ಮೆಟ್ಟಿಲು ಇಳಿಯದೆ ಬಾಗಿಲಲ್ಲೇ ಅಂಟಿ ಕೂತಿತ್ತು, 'ಇಷ್ಟು ಪ್ರೀತಿ ಕೊಟ್ಟರೂ ಹೀಗೆ' ಎಂದು ಯಜಮಾನಿ ಅಳುತ್ತಿದ್ದರು. ಶಿವಮೊಗ್ಗದ ನಮ್ಮ ಬೀದಿಯ ನಾಯಿಗಳನ್ನು ನೋಡಿ ಬೆಳೆದವಳಿಗೆ ಇದು ಹೊಸದಲ್ಲ. ಯಾರ ಹತ್ತಿರ ಹೋಗಬೇಕು, ಯಾವಾಗ ಜಾಗ ಬಿಡಬೇಕು ಎಂಬುದನ್ನು ಹುಟ್ಟಿದಾಗಿನಿಂದ ತಾನೇ ತೀರ್ಮಾನಿಸಿದ ಪ್ರಾಣಿಗೆ ಹಗ್ಗ ಕಟ್ಟಿ ಎಳೆದರೆ ಮತ್ತೇನು ಮಾಡೀತು? ಎಳೆಯುವುದು ನಿಲ್ಲಿಸಿ, ದಿನಾ ಹತ್ತು ನಿಮಿಷ ಮೆಟ್ಟಿಲ ಮೇಲೆ ಸುಮ್ಮನೆ ಕೂರಿ ಎಂದೆ. ಮೂರನೆಯ ವಾರ ಅದು ತಾನಾಗಿಯೇ ಒಂದು ಮಹಡಿ ಇಳಿಯಿತು.

ಅದಕ್ಕೇ ಹೊರಡುವ ಮುನ್ನ ಒಂದು ಕೆಲಸ ಮಾಡಿ. ದಿನವೂ ನಿಮ್ಮ ಬೀದಿಯ ಒಂದು ನಾಯಿಯನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನಷ್ಟೇ ಬರೆದಿಡಿ. ಜರ್ಮನ್‌ನಲ್ಲಿ.